ಹೊಳೆ ಬಟ್ಟೆಯ ಕೌದಿ

ನಮ್ಮ ಅಜ್ಜಿಯನ್ನು ತಬ್ಬಿಕೊಂಡವರಿಗೆಲ್ಲ ಸೂಜಿ ಚುಚ್ಚುತ್ತಿತ್ತು. ರವಿಕೆಯ ಎಡಭುಜದ ಹತ್ತಿರ, ಸೆರಗು ಹೊದ್ದರೆ ಕಾಣದ ಹಾಗೆ, ದಾರ ಪೋಣಿಸಿದ ದಪ್ಪ ಸೂಜಿಯೊಂದನ್ನು ಸದಾ ಸಿಕ್ಕಿಸಿಕೊಂಡಿರುತ್ತಿದ್ದಳು. ರಜೆಗೆಂದು ಹರಿಹರಕ್ಕೆ ಹೋದ ನಾನು ಬಾಗಿಲಿನಿಂದಲೇ ಓಡಿ ಅವಳ ಎದೆಗೆ ಮುಖ ಒತ್ತಿದರೆ ಕೆನ್ನೆಗೋ ಹಣೆಗೋ ಚುರುಕ್ ಅನ್ನುತ್ತಿತ್ತು. "ಅಯ್ಯ, ಚುಚ್ತೇನವ್ವಾ? ನೋಡ್ಕೊಂಡು ಬರಬಾರದಾ? ಅಜ್ಜಿ ಎಲ್ಲಿಗೆ ಓಡಿ ಹೋಗ್ತಾಳೆ?" ಎಂದು ತಪ್ಪನ್ನೆಲ್ಲ ನನ್ನ ಮೇಲೇ ಹಾಕಿ, ಎಂಜಲು ಹಚ್ಚಿದ ಬೆರಳಿನಿಂದ ಆ ಜಾಗವನ್ನು ತಿಕ್ಕುತ್ತಿದ್ದಳು. ಸೂಜಿ ತೆಗೆದಿಡುವ ಮಾತೇ ಇರಲಿಲ್ಲ. ಮದುವೆ ಮನೆಗೆ ಹೋದರೂ, ಗುಡಿಗೆ ಹೋದರೂ ಅದು ಅವಳ ಜೊತೆಗೇ ಹೋಗುತ್ತಿತ್ತು. ನಾನೀಗ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಲೇಡೀಸ್ ಟೈಲರ್ ಎಂದು ಬೋರ್ಡು ಹಾಕಿಕೊಂಡು ಕೂತಿದ್ದೇನೆ. ಯಾರಾದರೂ ಗಿರಾಕಿ, "ಹೊಲಿಗೆ ಯಾವ ಕ್ಲಾಸಿಗೆ ಹೋಗಿ ಕಲಿತ್ರಿ?" ಎಂದು ಕೇಳಿದರೆ, ಚುಚ್ಚಿಸಿಕೊಂಡು ಕಲಿತೆ ಎನ್ನುತ್ತೇನೆ. ಅವರು ನಗುತ್ತಾರೆ.

ಅವಳ ಹೆಸರು ಹಾಲಮ್ಮ. ಹುಟ್ಟಿದ್ದು ಮಲೆಬೆನ್ನೂರಿನ ಕಡೆಯ ಹಳ್ಳಿಯೊಂದರಲ್ಲಿ, ಭತ್ತ ಬೆಳೆಯುವವರ ಮನೆಯಲ್ಲಿ. ಅಜ್ಜನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಹೊಳೆ ಹತ್ತಿರದ ಓಣಿಗೆ ಬಂದು ನೆಲೆಸಿದಳು. ನಾನು ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿದ್ದರು. ಒಬ್ಬನೇ ಮಗ, ನಮ್ಮಪ್ಪ, ದಾವಣಗೆರೆಯಲ್ಲಿ ಮನೆ ಮಾಡಿದ. "ಬಾರವ್ವ ನಮ್ಮ ಜೊತೆ" ಎಂದು ಅಪ್ಪ ಕರೆದಾಗಲೆಲ್ಲ ಅಜ್ಜಿಯದು ಒಂದೇ ಉತ್ತರ: "ದಾವಣಗೇರ್ಯಾಗೆ ಹೊಳೆ ಎಲ್ಲೈತಪ್ಪ? ನನ್ನ ಕೆಲಸ ಇರೋದು ಹೊಳ್ಯಾಗೆ."

ಕೆಲಸ ಏನೆಂದು ಹೇಳಬೇಕಾದರೆ ಉಕ್ಕಡಗಾತ್ರಿಯ ವಿಷಯ ಹೇಳಬೇಕು. ಅಲ್ಲಿ ತುಂಗಭದ್ರೆಯ ದಂಡೆಗೆ ಕರಿಬಸವೇಶ್ವರನ ಗದ್ದುಗೆ ಇದೆ. ನಮ್ಮ ಕಡೆಯವರು ಅಜ್ಜಯ್ಯ ಎನ್ನುತ್ತೇವೆ. ಗಾಳಿ ಹಿಡಿದಿದೆ ಎಂದುಕೊಂಡವರು, ಮನಸ್ಸು ಕೆಟ್ಟವರು, ಡಾಕ್ಟರಿಗೆ ತೋರಿಸಿ ತೋರಿಸಿ ಸೋತವರು ಅಮಾವಾಸ್ಯೆಗೆ ಬಂದು ಹೊಳೆಯಲ್ಲಿ ಮುಳುಗುತ್ತಾರೆ. ಮುಳುಗಿ ಎದ್ದು, ಮೈಮೇಲಿನ ಬಟ್ಟೆಯನ್ನು ಹೊಳೆಗೇ ಬಿಟ್ಟು, ಬೇರೆ ಉಟ್ಟುಕೊಂಡು, ತಿರುಗಿ ನೋಡದೆ ಮೆಟ್ಟಿಲು ಹತ್ತುತ್ತಾರೆ. ಬಟ್ಟೆಯ ಜೊತೆ ಪೀಡೆಯೂ ಹೋಯಿತು ಎಂಬುದು ನಂಬಿಕೆ. ಆದರೆ ಬಟ್ಟೆ ಎಷ್ಟು ದೂರ ಹೋದೀತು? ಸ್ವಲ್ಪ ತೇಲಿ ಕಲ್ಲಿಗೋ ಗಿಡದ ಬೇರಿಗೋ ಸಿಕ್ಕಿಕೊಂಡು ನಿಲ್ಲುತ್ತದೆ. ಸೀರೆ, ಅಂಗಿ, ಲಂಗ, ಪಂಚೆ, ಎಲ್ಲ ರಾಶಿ. ಒಳ್ಳೆ ಗಟ್ಟಿ ಬಟ್ಟೆಯೇ ಇದ್ದರೂ ಯಾರೂ ಮುಟ್ಟುವುದಿಲ್ಲ.

ನಮ್ಮಜ್ಜಿ ಮುಟ್ಟುತ್ತಿದ್ದಳು. ಸೀರೆಯನ್ನು ಮೊಣಕಾಲಿಗೆ ಕಟ್ಟಿ ನೀರಿಗಿಳಿದು, ಸಿಕ್ಕಷ್ಟು ನೂಲಿನ ಬಟ್ಟೆ ಎಳೆದು, ಹಿಂಡಿ, ಗಂಟು ಕಟ್ಟಿ ಹರಿಹರಕ್ಕೆ ತರುತ್ತಿದ್ದಳು. ಅದಕ್ಕೂ ಅವಳದೊಂದು ಕಟ್ಟಳೆ ಇತ್ತು. ಬಟ್ಟೆ ಬಿಟ್ಟವರು ಮೆಟ್ಟಿಲು ಹತ್ತಿ ಮರೆಯಾಗುವ ತನಕ ಅವಳು ಹೊಳೆಗೆ ಬೆನ್ನು ಹಾಕಿ ಕೂತಿರಬೇಕು. "ಅವರು ಬಿಟ್ಟಿದ್ದನ್ನ ನಾನು ಎತ್ಕೊಳ್ಳೋದು ಅವರ ಕಣ್ಣಿಗೆ ಬೀಳಬಾರದು ನೋಡು. ಹೋತು ಅಂತ ಹಗುರಾಗಿ ಹೊಂಟಿರ್ತಾರೆ. ಅದನ್ನ ಯಾಕ ಕೆಡಿಸಬೇಕು?" ಎನ್ನುತ್ತಿದ್ದಳು.

ಬಸ್ಸಿನಲ್ಲಿ ಆ ಗಂಟಿನಿಂದ ನೀರು ಸೋರಿ ಸೀಟಿನ ಕೆಳಗೆಲ್ಲ ಹರಿದು ಕಂಡಕ್ಟರ್ ಬೈಯದೆ ಬಿಟ್ಟ ಅಮಾವಾಸ್ಯೆಯೇ ಇರಲಿಲ್ಲ. "ಏನಜ್ಜಿ ಇದು, ಹೊಳೆನೇ ಬಸ್ಸಿಗೆ ಹತ್ತಿಸ್ಕೊಂಡು ಬಂದೀಯಲ್ಲ?" ಎಂದು ಒಬ್ಬ ಕೂಗಿದಾಗ ನಾನು ಪಕ್ಕದಲ್ಲೇ ಇದ್ದೆ. ಅಜ್ಜಿ ಅವನ ಮುಖ ನೋಡಿ, "ಜನರ ಸಂಕಟ ಐತಪ್ಪ ಇದರಾಗೆ. ಒಣಗಿದ್ ಮ್ಯಾಲೆ ಇಷ್ಟು ಭಾರ ಇರಲ್ಲ" ಎಂದಳು. ಪಾಪ, ಆ ಮನುಷ್ಯ ಮುಂದಿನ ಸ್ಟಾಪಿನವರೆಗೂ ನಮ್ಮ ಹತ್ತಿರ ಸುಳಿಯಲಿಲ್ಲ.

ಮನೆಗೆ ಬಂದ ಮೇಲೆ ಹಿತ್ತಲಿನ ಹಂಡೆಯಲ್ಲಿ ಸೋಡಾ ಹಾಕಿ ಕುದಿಸುವುದು, ಕಲ್ಲಿಗೆ ಕುಕ್ಕಿ ಒಗೆಯುವುದು, ಸುಡುವ ಬಿಸಿಲಲ್ಲಿ ಒಣಗಿಸುವುದು. ಆಮೇಲೆ ಹರಿದು, ಸೀರೆಯ ಭಾಗ ಮೇಲಕ್ಕೆ, ಅಂಗಿ ಪಂಚೆಗಳ ಭಾಗ ಒಳಕ್ಕೆ ಹಾಸಿ, ಕೌದಿ ಹೊಲಿಯುತ್ತಿದ್ದಳು. ಸಾಲು ಸಾಲಾಗಿ ಹತ್ತಿರ ಹತ್ತಿರ ಹೊಲಿಗೆ. ನಾಲ್ಕು ಮೂಲೆಗೂ ತ್ರಿಕೋನದ ಬಣ್ಣದ ತುಂಡು. ಮುಗಿದ ಕೌದಿಗಳನ್ನು ಉಕ್ಕಡಗಾತ್ರಿಯಲ್ಲಿ ರೋಗಿಗಳ ಜೊತೆ ಬಯಲಲ್ಲೇ ಮಲಗುವ ಮನೆಯವರಿಗೆ ಕೊಡುತ್ತಿದ್ದಳು. ಉಳಿದವನ್ನು ದಾವಣಗೆರೆಗೆ ಬಂದಾಗ ಆಸ್ಪತ್ರೆಯ ವರಾಂಡದಲ್ಲಿ ಬರೀ ನೆಲದ ಮೇಲೆ ಬಿದ್ದುಕೊಂಡಿರುತ್ತಿದ್ದ ಹಳ್ಳಿಯವರಿಗೆ ಹಂಚುತ್ತಿದ್ದಳು. ಹೆಸರು ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಹೊದಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದಳು.

ಯಾಕೆಂದು ಒಮ್ಮೆ ಹೊಲಿಯುತ್ತಾ ಹೇಳಿದ್ದಳು. ಅವಳು ಚಿಕ್ಕವಳಿದ್ದಾಗ ಅವಳ ತಾಯಿಗೆ ಬುದ್ಧಿಭ್ರಮಣೆಯಾಗಿ, ಉಕ್ಕಡಗಾತ್ರಿಗೆ ಕರೆತಂದು, ತಿಂಗಳುಗಟ್ಟಲೆ ಗುಡಿಯ ಅಂಗಳದಲ್ಲೇ ಇದ್ದರಂತೆ. ಚಳಿಗಾಲ. ತಾಯಿ ಹೊದ್ದದ್ದನ್ನೆಲ್ಲ ಹರಿದು ಎಸೆಯುವವಳು. "ಒಂದಿನ ಯಾರೋ ಹೆಣ್ಮಗಳು ಬಂದ್ಲು. ಕೌದಿ ತಂದು ನಮ್ಮಿಬ್ಬರ ಮ್ಯಾಲೂ ಹಾಕಿ, ಸುತ್ತ ಒತ್ತಿ, ಹೊಂಟೇ ಹೋದ್ಲು. ಅದನ್ನ ಮಾತ್ರ ನಮ್ಮವ್ವ ಹರೀಲಿಲ್ಲ. ಆಕಿ ಯಾರು, ಯಾವೂರು, ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ರೆ ಆಕೀಗೊಂದು ಕೊಟ್ಟು ಸುಮ್ನಾಗ್ತಿದ್ದೆ. ಗೊತ್ತಿಲ್ದಕ್ಕೆ ಎಲ್ಲಾರಿಗೂ ಕೊಡಬೇಕಾಗೈತೆ" ಎಂದು ದಾರ ಹಲ್ಲಿನಿಂದ ಕಡಿದಳು.

ಪೀಡೆಯ ಬಟ್ಟೆ ಮನೆಗೆ ತರುತ್ತಾಳೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅಜ್ಜಿ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಹಾಲಿನವನು ಕೂಗಿದರೂ ಏಳದವಳು. ಪೂಜೆ ಮುಗಿದ ಮೇಲೆ ಗೋಡೆಯ ಮೇಲಿನ ಅಜ್ಜಯ್ಯನ ಪಟದ ಮುಂದೆ ನಿಂತು ಮನೆಯ ಹಿರಿಯರೊಬ್ಬರನ್ನು ತರಾಟೆಗೆ ತೆಗೆದುಕೊಂಡಂತೆ ಜಗಳ: "ಆ ಹುಡುಗಿ ಇನ್ನಾ ಮಾತಾಡ್ತಿಲ್ವಂತೆ. ಎಷ್ಟು ಅಮಾಸಿ ಆತು? ನೀನೇನು ಮಲಗಿದೀಯೇನು?" ಇಂಥವಳಿಗೆ ಪೀಡೆಯ ಹೆದರಿಕೆ ಎಲ್ಲಿಯದು! "ಅಜ್ಜಯ್ಯ ಪೀಡೆ ಇಟ್ಕೊಂಡು ಬಟ್ಟೆ ವಾಪಸ್ ಕೊಡ್ತಾನೆ. ಆತಗೇನು ಸೀರೆ ಲಂಗ ಬೇಕಾ?" ಎಂದು ಓಣಿಯವರ ಬಾಯಿ ಮುಚ್ಚಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ನಡೆದದ್ದೊಂದು ನೆನಪಾಗುತ್ತದೆ. ವರಾಂಡದಲ್ಲಿದ್ದ ಹೆಂಗಸೊಬ್ಬಳು ಅಜ್ಜಿ ಹೊದಿಸಿದ ಕೌದಿಯ ಮೂಲೆ ನೋಡಿ ಚೀರಿದಳು. ಅದು ಅವಳ ಅಕ್ಕ ಹೊಳೆಗೆ ಬಿಟ್ಟ ಸೀರೆಯ ತುಂಡು. ಸುತ್ತ ಜನ ಸೇರಿದರು. ನನಗೆ ಓಡಿ ಹೋಗೋಣ ಎನ್ನಿಸಿತ್ತು. ಅಜ್ಜಿ ಮಾತ್ರ ಅವಳ ಪಕ್ಕ ನೆಲದ ಮೇಲೆ ಕೂತು, "ನಿಮ್ಮಕ್ಕ ಈಗ ಹೆಂಗದಾಳವ್ವ?" ಎಂದಳು.

"ಚೆನ್ನಾಗದಾಳೆ. ಮನೆ ಕೆಲಸ ಎಲ್ಲಾ ಮಾಡ್ಕೊಂಡು ಹೋಗ್ತಾಳೆ."

"ಮತ್ತೆ? ಆಕಿನೇ ಚೆನ್ನಾಗಿದ್ ಮ್ಯಾಲೆ ಸೀರೇದೇನು ತಕರಾರು?"

ಆ ಹೆಂಗಸು ನಕ್ಕೇಬಿಟ್ಟಳು. ಆದರೂ ಅಜ್ಜಿ ಭುಜದ ಸೂಜಿ ತೆಗೆದು, ಆ ಮೂಲೆಯನ್ನು ಬಿಚ್ಚಿ, ತನ್ನ ಚೀಲದಲ್ಲಿದ್ದ ಬೇರೆ ತುಂಡು ಹಚ್ಚಿ ಕೊಟ್ಟಳು. "ಮನಸಿಗೆ ಕಸಿವಿಸಿ ಇದ್ರೆ ನಿದ್ದೆ ಬರಲ್ಲ" ಎಂದು ದಾರಿಯಲ್ಲಿ ನನಗೆ ವಿವರಿಸಿದಳು.

ಈಗ ಶಿವುವಿನ ಕಥೆ ಹೇಳಬೇಕು. ಇಷ್ಟು ಹೊತ್ತು ಅದನ್ನು ದೂರ ತಳ್ಳುತ್ತಲೇ ಬಂದಿದ್ದೇನೆ.

ಶಿವು ನನ್ನ ತಮ್ಮ. ನನಗಾಗ ಶಾಲೆಗೆ ಹೋಗುವ ವಯಸ್ಸು. ಅವನಿಗಿನ್ನೂ ಗೋಡೆ ಹಿಡಿದು ನಿಲ್ಲುವ ವಯಸ್ಸು. ಅವನು ಹುಟ್ಟಿದಾಗ ಅಜ್ಜಿ ತಾಯಿ ಮಗು ಇಬ್ಬರಿಗೂ ಸಾಲುವಂಥ ದೊಡ್ಡ ಕೌದಿ ತಂದಿದ್ದಳು. ಗಿಣಿಹಸಿರು ಸೀರೆಯ ಅಂಚು ಸುತ್ತಲೂ, ನಡುವೆ ಮೆತ್ತಗಿನ ಬಿಳಿ ಪಂಚೆ. ಅವ್ವನಿಗೆ ಮೊದಲಿನಿಂದಲೂ ಹೊಳೆ ಬಟ್ಟೆಯ ಬಗ್ಗೆ ಅಳುಕಿತ್ತು. ಆದರೆ ಹೊಸ ಬಾಣಂತಿ, ಚಳಿಯ ದಿನಗಳು, ಅತ್ತೆ ಪ್ರೀತಿಯಿಂದ ತಂದದ್ದು. ಬೇಡವೆನ್ನಲಿಲ್ಲ. ಶಿವು ಆ ಕೌದಿಯ ಹಸಿರು ಅಂಚನ್ನು ಬಾಯಲ್ಲಿ ಚೀಪುತ್ತಾ ನಿದ್ದೆ ಹೋಗುತ್ತಿದ್ದ.

ಅವನ ಎರಡನೆಯ ಚಳಿಗಾಲಕ್ಕೆ ಜ್ವರ ಬಂತು, ಕೆಮ್ಮು ಬಂತು, ಎದೆ ಕಟ್ಟಿತು. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಶಿವು ಮನೆಗೆ ಬಂದದ್ದು ಅಪ್ಪನ ತೋಳಿನಲ್ಲಿ, ಮುಖವೂ ಮುಚ್ಚುವಂತೆ ಬಟ್ಟೆ ಹೊದ್ದುಕೊಂಡು.

ಮಣ್ಣು ಮಾಡಿ ಬಂದ ದಿನ ಮನೆ ತುಂಬ ಜನ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಅಜ್ಜಿ ಅವಳ ಹತ್ತಿರ ಹೋಗಿ ತಲೆ ಮೇಲೆ ಕೈಯಿಟ್ಟಳು. ಅವ್ವ ಆ ಕೈಯನ್ನು ಕಿತ್ತೆಸೆದು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಮುಟ್ಟಬ್ಯಾಡ್ರಿ ನನ್ನ! ನಿಮ್ಮ ಹೊಳೆ ಬಟ್ಟೆನೇ ನನ್ನ ಮಗನ್ನ ತಿಂತು. ಯಾರ್ಯಾರ ಪೀಡೆನೋ ತಂದು ನನ್ನ ಕೂಸಿಗೆ ಹೊದಿಸಿದ್ರಿ!"

ಅಪ್ಪ ತಲೆ ತಗ್ಗಿಸಿದ. ಓಣಿಯವರಿಗೆ, ಬಸ್ಸಿನವರಿಗೆ, ಆಸ್ಪತ್ರೆಯವರಿಗೆ, ಕೊನೆಗೆ ಅಜ್ಜಯ್ಯನಿಗೂ ಉತ್ತರ ಕೊಡುತ್ತಿದ್ದ ನಮ್ಮಜ್ಜಿ ಅವತ್ತು ಬಾಯಿ ತೆರೆಯಲಿಲ್ಲ. ಒಳಗೆ ಹೋಗಿ, ಶಿವುವಿನ ಕೌದಿಯನ್ನು ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು, ಒಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅದನ್ನು ಹೊಳೆಗೆ ಬಿಟ್ಟಿರಬೇಕು ಎಂದು ನಾವೆಲ್ಲ ಅಂದುಕೊಂಡೆವು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಪದ್ಧತಿ ಶುರುವಾಯಿತು. ಅವ್ವ ಅಜ್ಜಿಯ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಹಬ್ಬಕ್ಕೆ ಅಜ್ಜಿ ಬಂದು ಪಡಸಾಲೆಯಲ್ಲಿ ಕೂತಿದ್ದರೆ, ಅಡಿಗೆಮನೆ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದಳು: "ಸುಮಾ, ಅಜ್ಜಿಗೆ ಊಟಕ್ಕೆ ಏಳಾಕೆ ಹೇಳು." ಅಜ್ಜಿ ಅಲ್ಲೇ ಕೇಳಿಸಿಕೊಂಡು ನನಗೆ ಹೇಳುವಳು: "ಬರ್ತೀನಿ ಅಂತ ಹೇಳವ್ವ ನಿಮ್ಮವ್ವಗೆ." ನಾನು ಮಧ್ಯದಲ್ಲಿ ಪೋಸ್ಟ್‌ಮನ್. ಚಿಕ್ಕವಳಿದ್ದಾಗ ಇದೊಂದು ಆಟದಂತೆ ಇತ್ತು. ದೊಡ್ಡವಳಾದ ಮೇಲೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಹಾಗೆಂದು ಅವ್ವ ಉಪಚಾರದಲ್ಲಿ ಕಡಿಮೆ ಮಾಡಿದವಳಲ್ಲ. ಅಜ್ಜಿಗೆ ಹಲ್ಲು ಹೋದ ಮೇಲೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಬಿಸಿ ಆರಿತೋ ಇಲ್ಲವೋ ಎಂದು ತಾನೇ ಬೆರಳದ್ದಿ ನೋಡಿ ಕಳಿಸುತ್ತಿದ್ದಳು. ಅತ್ತೆ ಎಂಬ ಒಂದು ಮಾತು ಮಾತ್ರ ಅವಳ ಬಾಯಿಂದ ಬರುತ್ತಿರಲಿಲ್ಲ. ಹರಿಹರದ ಮನೆಗೆ ಕಾಲನ್ನೂ ಇಡಲಿಲ್ಲ.

ಅಜ್ಜಿಯೂ ಒಂದು ಶಪಥ ಮಾಡಿದ್ದಳು. ಅವಳ ಕೌದಿ ಮತ್ತೆ ನಮ್ಮ ಹೊಸ್ತಿಲು ದಾಟಲಿಲ್ಲ. ನನ್ನ ಮಗಳ ತೊಟ್ಟಿಲ ಶಾಸ್ತ್ರಕ್ಕೆ ಬೆಲ್ಲ ಕೊಬ್ಬರಿ ಮಾತ್ರ ತಂದಳು. "ಏನು ಹಾಲಮ್ಮ, ಮರಿಮಗಳಿಗೆ ಕೌದಿ ಇಲ್ವಾ?" ಎಂದು ಯಾರೋ ಕೇಳಿದರು. "ಈಗಿನ ಕೂಸುಗಳಿಗೆ ಅಂಗಡಿ ಬ್ಲಾಂಕೆಟ್ಟೇ ಚಂದ ಬಿಡ್ರಿ" ಎಂದು ನಕ್ಕಳು. ನಗುತ್ತಲೇ ಅಡಿಗೆಮನೆಯ ಕಡೆ ನೋಡಿದಳು. ಅವ್ವ ಒಳಗೆ ಪಾತ್ರೆಗಳನ್ನು ಸದ್ದು ಮಾಡುತ್ತಿದ್ದಳು.

ಆದರೆ ಉಕ್ಕಡಗಾತ್ರಿ ತಪ್ಪಲಿಲ್ಲ, ಹೊಳೆಗಿಳಿಯುವುದು ತಪ್ಪಲಿಲ್ಲ. ನಾನೊಮ್ಮೆ ಮೆಟ್ಟಿಲ ಮೇಲೆ ಅವಳ ಪಕ್ಕ ಹೊಳೆಗೆ ಬೆನ್ನು ಹಾಕಿ ಕೂತಿದ್ದಾಗ ಕೇಳಿಯೇಬಿಟ್ಟೆ: "ಇಷ್ಟಾದ್ರೂ ಇದನ್ನ ಯಾಕ ಬಿಡವಲ್ಲಿ ಅಜ್ಜಿ? ಬಿಟ್ಟಿದ್ರೆ ಅವ್ವ ಯಾವಾಗ್ಲೋ ಸಮಾಧಾನ ಆಗ್ತಿದ್ಲು."



"ಬಿಟ್ರೆ ನಿಮ್ಮವ್ವ ಅಂದಿದ್ದು ಖರೆ ಅಂತ ನಾನೇ ಒಪ್ಕೊಂಡಂಗೆ ಅಲ್ವೇನೆ? ಶಿವು ನನ್ನ ಕೂಸು ಸುಮಾ. ನನ್ನ ಕೈಯಾರೆ ಆತನ್ನ ಕಳಕೊಂಡೆ ಅಂತ ಒಪ್ಕೊಂಡು ನಾನು ಹೆಂಗೆ ಬದುಕಲಿ?" ಅವಳ ಕೈ ತಾನಾಗಿ ಭುಜದ ಸೂಜಿಯನ್ನು ಹುಡುಕಿತು. "ನಿಮ್ಮವ್ವಂದು ತಪ್ಪಿಲ್ಲ. ಹೊಟ್ಟೆ ಸಂಕಟಕ್ಕೆ ಯಾರನ್ನಾರ ಬೈಬೇಕು. ದೇವರನ್ನ ಬೈಯಾಕೆ ಆಕಿಗೆ ಹೆದರಿಕೆ. ನಾನಾರ ಸಿಕ್ಕೆ. ಆದ್ರೆ ಒಂದು ಸಲ... ಸಾಯೋದ್ರೊಳಗೆ ಒಂದು ಸಲ, ಅದು ನಿಮ್ಮಿಂದ ಅಲ್ಲ ಅಂತ ಆಕಿ ಬಾಯಾಗೆ ಬಂದ್ರೆ ಸಾಕಿತ್ತು."

ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಅದೂ ಸದ್ದಿಲ್ಲದೆ. ಮೇಲೆ ಯಾರೋ ಹೊಸ ಸೀರೆ ಉಟ್ಟು ಮೆಟ್ಟಿಲು ಹತ್ತಿ ಹೋಗುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಜ್ಜಿ ಒಮ್ಮೆ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಬಿಡುವ ದಿನ ಅವ್ವ ನನಗೆ ಹೇಳಿದಳು: "ಅಜ್ಜಿಗೆ ಹೇಳು, ಇನ್ನು ಹರಿಹರ ಸಾಕು. ನನ್ನ ಹತ್ರಾನೇ ಇರಲಿ." ಹೀಗೆ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಮಗನಿಲ್ಲದ ಅತ್ತೆ, ಗಂಡನಿಲ್ಲದ ಸೊಸೆ ಇಬ್ಬರೇ ಉಳಿದರು. ನನ್ನ ಮನೆ ಹಿಂದಿನ ರಸ್ತೆಯಲ್ಲೇ ಇದ್ದುದರಿಂದ ಬೆಳಿಗ್ಗೆ ಸಂಜೆ ಹೋಗಿ ಬರುತ್ತಿದ್ದೆ. ನಾನಿಲ್ಲದಾಗ ಇವರು ಮಾತು ಹೇಗೆ ಸಾಗಿಸುತ್ತಾರೆ ಎಂಬುದು ನನಗೊಂದು ಒಗಟಾಗಿತ್ತು. ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅವ್ವ ಗೋಡೆಯ ಮೇಲಿನ ಅಪ್ಪನ ಫೋಟೊ ನೋಡುತ್ತಾ, "ಗುಳಿಗೆ ತಗೊಳ್ಳೋ ಹೊತ್ತಾತು" ಎಂದಳು. ಅಜ್ಜಿಯೂ ಫೋಟೊ ನೋಡುತ್ತಾ, "ನೀರು ಕೊಡಾಕೆ ಹೇಳಪ್ಪ" ಎಂದಳು. ನನಗೆ ನಗು ಬಂತು.

ಅಜ್ಜಿಯ ಕಣ್ಣು ಮಂಜಾಗಿದ್ದವು. ಆದರೂ ದಿನಾ ಬೆಳಿಗ್ಗೆ ನಾನು ಸೂಜಿಗೆ ದಾರ ಪೋಣಿಸಿ ಅವಳ ಭುಜಕ್ಕೆ ಸಿಕ್ಕಿಸಬೇಕು. ಹೊಲಿಯುವುದಕ್ಕೆ ಏನೂ ಇರಲಿಲ್ಲ. "ಇರಲಿ ಬಿಡು, ಇಲ್ದಿದ್ರೆ ಮೈ ಬರಿದಾದಂಗೆ ಆಗ್ತೈತೆ" ಎನ್ನುವಳು. ಹರಿಹರದ ಮನೆಯ ಬೀಗದಕೈ ಸೆರಗಿನ ತುದಿಯ ಗಂಟಿನಲ್ಲಿ ಇರುತ್ತಿತ್ತು.

ಹೋದ ವರ್ಷದ ಚಳಿ ಅವಳನ್ನು ಹಣ್ಣು ಮಾಡಿತು. ಅವ್ವ ಅಂಗಡಿಯಿಂದ ದಪ್ಪ ಹೂವಿನ ರಗ್ಗು ತರಿಸಿದಳು. ಅದರ ಮೇಲೆ ಇನ್ನೊಂದು ಹೊದಿಸಿದಳು. ಅಜ್ಜಿಯ ನಡುಕ ನಿಲ್ಲಲಿಲ್ಲ. "ಇದು ಮೈಮ್ಯಾಲೆ ಕೂಡತೈತೆ ಅಷ್ಟೇ, ಮೈಗೆ ಹತ್ತಲ್ಲವ್ವ" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ಹರಿಹರದಾಗೆ ನಿನ್ನ ಕೌದಿ ಅದಾವಲ್ಲ, ಒಂದು ತರಲಾ?" ಎಂದೆ.

"ಬ್ಯಾಡ ಬ್ಯಾಡ. ಈ ಮನಿಗೆ ಅದು ಬರೋದು ಬ್ಯಾಡ. ನಿಮ್ಮವ್ವ ತಾನಾಗೇ ತಾ ಅನ್ನೋ ತನಕ ಬ್ಯಾಡ."

ಅವ್ವ ಬಾಗಿಲ ಹತ್ತಿರ ಬಟ್ಟೆ ಮಡಿಸುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮಡಿಸಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮರುದಿನ ನಾನು ಹೋದಾಗ ಅವ್ವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಮುಷ್ಟಿಯಲ್ಲಿ ಏನೋ ಇತ್ತು. "ಅಜ್ಜಿ ಹತ್ರ ಕೂತಿರು. ಹರಿಹರಕ್ಕೆ ಹೋಗಿ ಬರ್ತೀನಿ" ಎಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ಗೇಟು ದಾಟಿದ್ದಳು.

ಅಜ್ಜಿ ಎಚ್ಚರವಾದವಳೇ ಅಭ್ಯಾಸದಂತೆ ಸೆರಗಿನ ತುದಿ ತಡವಿದಳು. ಗಂಟು ಬಿಚ್ಚಿತ್ತು. "ಬೀಗದಕೈ ಯಾರು ಬಿಚ್ಚಿದ್ರು?"

"ಅವ್ವ. ಹರಿಹರಕ್ಕೆ ಹೋಗ್ಯಾಳೆ ಅಜ್ಜಿ. ನಿನ್ನ ಕೌದಿ ತರಾಕೆ ಅಂತ ಕಾಣತೈತೆ."

ಅವಳ ಕೈ ಸೆರಗಿನ ಮೇಲೆಯೇ ನಿಂತಿತು. ಮಂಜುಗಣ್ಣುಗಳನ್ನು ಬಾಗಿಲ ಕಡೆ ತಿರುಗಿಸಿ, "ಆಕಿನೇ ಹೋದ್ಲಾ? ನೀನು ಹೇಳಿದ್ದಕ್ಕಾ?" ಎಂದಳು.

"ನಾನೇನೂ ಹೇಳಿಲ್ಲ. ತಾನಾಗೇ ಹೋದ್ಲು."

ಆಮೇಲೆ, ಮನೆಯ ದಿನಸಿ ಹೇಳುವ ಧಾಟಿಯಲ್ಲಿ ಅಂದಳು: "ಫೋನ್ ಮಾಡಿ ಹೇಳು. ಟ್ರಂಕಿನಾಗೆ ಮ್ಯಾಲಿನವೆಲ್ಲ ಸಣ್ಣವು, ಅವು ಬ್ಯಾಡ. ತಳದಾಗೆ ಒಂದೈತೆ. ಅದನ್ನ ತರಾಕೆ ಹೇಳು. ಅದು ಮೆತ್ತಗೈತೆ."

ಫೋನ್ ಮಾಡಿದೆ. ಅವ್ವನ ಫೋನು ಅಡಿಗೆಮನೆಯ ಕಟ್ಟೆಯ ಮೇಲೇ ಹೊಡೆದುಕೊಂಡಿತು. "ಬಿಟ್ಟು ಹೋಗ್ಯಾಳೆ" ಎಂದೆ. "ಇರಲಿ, ಆಕಿಗೆ ಗೊತ್ತಾಗ್ತೈತೆ" ಎಂದಳು ಅಜ್ಜಿ. ಬಾಗಿಲ ಕಡೆ ಮುಖ ಮಾಡಿ ಕೂಡಿಸು ಎಂದಳು. ದಿಂಬು ಕೊಟ್ಟು, ನನ್ನ ಎದೆಗೆ ಒರಗಿಸಿಕೊಂಡು ಕೂತೆ. ಹಾಗೆ ತಬ್ಬಿಕೊಂಡಾಗ ಸೂಜಿ ಚುಚ್ಚಿತು. ನಾನು ಅಲುಗಾಡಲಿಲ್ಲ. "ಬಿಸಿಲು ಏರಿತೇನು? ಬಿಸಿಲಿಗೆ ಆಕಿಗೆ ತಲಿನೋವು ಬರತೈತೆ" ಎಂದಳು. ಆಮೇಲೆ ಆಟೋ ಸದ್ದಾದಾಗಲೆಲ್ಲ "ಬಂದ್ಲೇನು?" ಎನ್ನುತ್ತಿದ್ದಳು. ಇನ್ನೊಂದು ಆಟೋ ಹೋಯಿತು. ಅದಕ್ಕೆ ಅವಳು ಕೇಳಲಿಲ್ಲ. ನಿದ್ದೆ ಹತ್ತಿತು ಎಂದುಕೊಂಡೆ. ಅವಳ ನಡುಕ ನಿಂತಿದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಅವ್ವ ಬಂದಾಗ ಮಧ್ಯಾಹ್ನವಾಗಿತ್ತು. ಎದೆಗೆ ಒತ್ತಿಕೊಂಡಿದ್ದ ಕೌದಿಯ ಗಿಣಿಹಸಿರು ಅಂಚು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅಜ್ಜಿ ಅದನ್ನು ಹೊಳೆಗೆ ಬಿಟ್ಟಿರಲಿಲ್ಲ.

"ಅತ್ತೀ, ತಂದೀನ್ರಿ" ಎಂದಳು ಅವ್ವ ಬಾಗಿಲಿನಿಂದಲೇ. ಅಷ್ಟು ವರ್ಷಗಳ ಮೇಲೆ ಆ ಮಾತು. "ಅತ್ತೀ..."

ನನ್ನ ಮುಖ ನೋಡಿ ಅಲ್ಲೇ ಕುಸಿದಳು.

ತಡವಾದದ್ದು ಯಾಕೆಂದು ಆಮೇಲೆ ಹೇಳಿದಳು. ಟ್ರಂಕ್ ತೆಗೆದರೆ ಮೇಲೆಲ್ಲ ಸಣ್ಣ ಸಣ್ಣ ಕೌದಿಗಳು. ಶಿವು ಹೋದ ಮೇಲೆ ನಮ್ಮ ಬಳಗದಲ್ಲಿ ಹುಟ್ಟಿದ ಒಂದೊಂದು ಮಗುವಿಗೂ ಹೊಲಿದು, ಕೊಡದೆ, ನುಸಿಗುಳಿಗೆ ಹಾಕಿ ಇಟ್ಟಿದ್ದಳು ಅಜ್ಜಿ. ಮೂಲೆಯಲ್ಲಿ ದಾರದಿಂದ ಹೆಸರು ಹೊಲಿದಿದ್ದಳು; ನನ್ನ ಮಗಳದೂ ಇತ್ತು. ಎಲ್ಲಕ್ಕಿಂತ ಕೆಳಗೆ ಶಿವುವಿನದು. "ಅದರ ಅಂಚು ಮೂಸಿ ನೋಡ್ದೆ ಸುಮಾ. ನನ್ನ ಕೂಸಿನ ವಾಸನೆ ಇರಬಹುದೇನೋ ಅಂತ. ಬರೀ ನುಸಿಗುಳಿಗೆ ವಾಸನೆ. ಅಲ್ಲೇ ಕೂತು ಅತ್ಕೊಂತ ಹೊತ್ತು ಹೋಗಿದ್ದೇ ತಿಳೀಲಿಲ್ಲ. ಬಸ್ಸು ತಪ್ಪಿತು. ಮುಂದಿನದು ತುಂಬಿ ಬಂತು. ಆ ಬಸ್ಸು ಸಿಕ್ಕಿದ್ರೆ..." ಎಂದು ಮಾತು ನಿಲ್ಲಿಸಿದಳು.

ಅಜ್ಜಿಗೆ ಕೊನೆಯ ಸ್ನಾನ ಮಾಡಿಸುವಾಗ ಅವ್ವ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ರವಿಕೆ ಬಿಚ್ಚುವಾಗ ಸೂಜಿ ಅವಳ ಬೆರಳಿಗೆ ಚುಚ್ಚಿತು. ನಮಗೆಲ್ಲ ಎಷ್ಟೋ ಸಲ ಚುಚ್ಚಿದ ಆ ಸೂಜಿ ಅವ್ವನಿಗೆ ಚುಚ್ಚಿದ್ದು ಅದೇ ಮೊದಲು. ಬೆರಳನ್ನು ಬಾಯಲ್ಲಿಟ್ಟುಕೊಂಡು, ಸಣ್ಣ ಹುಡುಗಿಯ ಹಾಗೆ ಜೋರಾಗಿ ಅತ್ತಳು.

ಹರಿಹರದಲ್ಲಿ ಅಜ್ಜನ ಪಕ್ಕದಲ್ಲಿ ಗುಣಿ ತೆಗೆದಿದ್ದರು. ಅಜ್ಜಿಯನ್ನು ಪದ್ಧತಿಯಂತೆ ಕೂಡಿಸಿ, ವಿಭೂತಿ, ಪತ್ರೆ ಇಡುವ ಹೊತ್ತಿಗೆ ಅವ್ವ ಮುಂದೆ ಬಂದು ಹಸಿರು ಅಂಚಿನ ಕೌದಿಯನ್ನು ಕೊಟ್ಟಳು. ಸಂಬಂಧಿಕರಲ್ಲಿ ಹಿರಿಯರೊಬ್ಬರು ತಡೆದರು. "ಏನಮ್ಮ ಇದು, ಹೊಳೆ ಬಟ್ಟೆ ಗುಣಿಗೆ ಹಾಕ್ತಾರೇನು? ಪೀಡೆ ಬಟ್ಟೆ ಅಂತ ಅವತ್ತು ನೀನೇ ಅಂದಿದ್ದೆ."

"ಅಂದಿದ್ದೆ. ಸುಳ್ಳು ಅಂದಿದ್ದೆ" ಎಂದಳು ಅವ್ವ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು. "ನಮ್ಮತ್ತೆಗೆ ಚಳಿ ಆಗತೈತೆ. ಹೊದಿಸ್ರಿ."

ಕೆಳಗಿದ್ದವರು ಕೌದಿಯನ್ನು ಅಜ್ಜಿಯ ಭುಜದ ಸುತ್ತ ಹೊದಿಸಿ ಅಂಚು ಒತ್ತಿದರು. ಅಜ್ಜಿ ಬಯಸಿದ್ದ ಮಾತು ಬಂತು, ಕೇಳಬೇಕಾದವಳು ಮಾತ್ರ ಇರಲಿಲ್ಲ. ಇದನ್ನು ನೆನೆದರೆ ಈಗಲೂ ಮಿಶನ್ ತುಳಿಯುವ ನನ್ನ ಕಾಲು ನಿಂತುಬಿಡುತ್ತದೆ.

ಈಗ ಸಂಜೆ ಅಂಗಡಿ ಮುಚ್ಚಿ ಅವ್ವನ ಹತ್ತಿರ ಹೋದರೆ, ಚಹಾ ಕೊಟ್ಟು ಎದುರಿಗೆ ಕೂತು ಅವಳು ಒಂದೇ ವಿಷಯ ಕೇಳುತ್ತಾಳೆ.

"ನಾನು ಹೋಗೀನಿ ಅಂತ ಅತ್ತೆಗೆ ಗೊತ್ತಿತ್ತಲ್ಲ?"

"ಗೊತ್ತಿತ್ತವ್ವ."

"ಏನಂದ್ರು? ಇನ್ನೊಂದು ಸಲ ಹೇಳು."

ನಾನು ಹೇಳುತ್ತೇನೆ. ಮೇಲಿನವು ಸಣ್ಣವು, ಬೇಡ ಅಂದಳು. ತಳದಲ್ಲಿರುವುದನ್ನು ತರಲು ಹೇಳು ಅಂದಳು. ಅದು ಮೆತ್ತಗಿದೆ ಅಂದಳು. ಬಿಸಿಲಿಗೆ ನಿನಗೆ ತಲೆನೋವು ಬರುತ್ತದೆ ಅಂದಳು.

ಅವ್ವ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡುತ್ತಾಳೆ.

"ನನಗ್ಯಾರೂ ಹೇಳಿರಲಿಲ್ಲ ಸುಮಾ. ಆದ್ರೂ ತಳದಾಗಿಂದೇ ತಂದಿದ್ದೆ. ಹೌದಲ್ಲ?"

"ಹೌದವ್ವ. ಅದನ್ನೇ ತಂದಿದ್ದೆ."